ಒಂಬತ್ತು ಮಾತ್ರೆ

ಫೋರ್ಟಿನ ಆ ಕಟ್ಟಡದಲ್ಲಿ ನಾನು ಲಿಫ್ಟಿನವನು.
ಜಾಲರಿ ಬಾಗಿಲು, ಹಿತ್ತಾಳೆಯ ಹಿಡಿ,
ಕೂರಲು ಮೂರು ಕಾಲಿನ ಸ್ಟೂಲು.
ಇಪ್ಪತ್ತೆಂಟು ವರ್ಷ ಏರಿದೆ, ಏರಿದಷ್ಟೇ ಇಳಿದೆ,
ಎಲ್ಲಿಗೂ ಹೋಗಲಿಲ್ಲ.

ಭಾನುವಾರ ಸಂಜೆ ಆಫೀಸುಗಳಿಗೆಲ್ಲ ಬೀಗ.
ನಾಲ್ಕನೆಯ ಮಹಡಿಯ ಫ್ರೇನಿಬಾಯಿಯ ಮನೆಯಲ್ಲಿ ಮಾತ್ರ
ರೆಕಾರ್ಡು ತಿರುಗುತ್ತಿತ್ತು.
ಎರಡರಲ್ಲಿ ಅದು ಬರೀ ಗುಂಯ್,
ಮೂರರಲ್ಲಿ ಪಿಟೀಲೆಂದು ತಿಳಿಯುವುದು,
ಮೂರು ದಾಟಿ ನಾಲ್ಕು ಮುಟ್ಟದ ಸಂದಿಯಲ್ಲಿ
ಹಿಡಿ ತಿರುಗಿಸಿ ನಿಲ್ಲಿಸಿಬಿಡುತ್ತಿದ್ದೆ.
ಕಣ್ಣೆದುರು ಗಿಲಾವು ಕಾಣದ ಇಟ್ಟಿಗೆ, ತಲೆಯ ಮೇಲೆ ಅರ್ಧ ಬೆಳಕು,
ನಲವತ್ತು ಜನ ಒಟ್ಟಿಗೆ ಉಸಿರೆಳೆದ ಹಾಗೆ ಸದ್ದು.

ಒಂದು ದಿನ ಬಾಯಿ ಜಾಲರಿಯಿಂದ ಬಗ್ಗಿ ನೋಡಿದರು:
‘ಏನಯ್ಯ, ಲಿಫ್ಟು ಕೆಟ್ಟಿದೆಯೋ, ಕೇಳುತ್ತಿದೆಯೋ?’
ಅಂದಿನಿಂದ ನನಗೂ ಒಂದು ಕುರ್ಚಿ, ಬಾಗಿಲ ಬಳಿ,
ಯಾರಾದರೂ ಗಂಟೆ ಒತ್ತಿದರೆ ಓಡಲು.

ನಾವು ನಾಲ್ವರು. ಬಾಯಿ.
ಸಿನಿಮಾ ಸ್ಟುಡಿಯೋಗಳಲ್ಲಿ ವಿಯೋಲ ಉಜ್ಜಿ ಉಜ್ಜಿ
ಬೆರಳು ಸೊಟ್ಟಗಾದ ಮಡಗಾಂವದ ಕಜೆತಾನ.
ಗಣಿತದ ಪೆಂಡಸೆ ಮಾಸ್ತರರು.
ಇಂಡಿ ತಾಲೂಕಿನ ಮಲಕಾಜಪ್ಪ ನಾನು.

ಸಿಂಫನಿ ಕಟ್ಟಿದವನ ಹೆಸರು ನನ್ನ ನಾಲಿಗೆಗೆ ಹತ್ತಲೇ ಇಲ್ಲ.
ಕತೆ ಹತ್ತಿತು.

ಅದು ಹಿಮದ ಸೀಮೆ ಅಂತೆ.
ಸರೋವರದ ಆಚೆ ದಡದಲ್ಲಿ ಅವನ ತಂಗಿಗೆ
ಇವತ್ತೋ ನಾಳೆಯೋ ಅನ್ನುವ ಹೊತ್ತು.
ಒಬ್ಬ ಅಂಬಿಗ, ಎಷ್ಟು ಕೊಡುತ್ತೀ ಅನ್ನದೆ ಹತ್ತಿಸಿಕೊಂಡ,
ಇರುಳೆಲ್ಲ ಹುಟ್ಟು ಹಾಕಿದ,
ತಂಗಿಯ ಕೈ ಬೆಚ್ಚಗಿರುವಾಗಲೇ ದಡ ಸಿಕ್ಕಿತು.
ವಾರ ಕಳೆದು, ಸುತ್ತು ದಾರಿ ಹಿಡಿದು,
ಕೂಲಿ ಕೊಡಲು ಈಚೆಗೆ ಬಂದರೆ
ದೋಣಿ ಗೂಟಕ್ಕೆ ಕಟ್ಟಿದ ಹಾಗೇ ಇದೆ,
ಹಗ್ಗದ ಗಂಟಿನ ಮೇಲೆ ಹೋದ ವರ್ಷದ ಪಾಚಿ.
ಆ ಕೂಲಿಯನ್ನು ಅವನು ಎರಡನೆಯ ಭಾಗದಲ್ಲಿ ಇಟ್ಟ:
ಒಂಬತ್ತು ಮಾತ್ರೆ ಮೌನ.
ಯಾವ ವಾದ್ಯವೂ ಮುಟ್ಟುವಂತಿಲ್ಲ.

‘ಸುಳ್ಳು,’ ಅನ್ನುವನು ಕಜೆತಾನ.
‘ನಕಲು ಬರೆಯುವವನು ಕುಡಿದಿದ್ದ, ಒಂದು ಸಾಲು ಬಿಟ್ಟ.
ದೊಡ್ಡವರ ತಪ್ಪಿಗೆ ಕತೆ ಹುಟ್ಟುತ್ತದೆ,
ನಾನು ತಪ್ಪಿದರೆ ಪಗಾರ ಕಡಿತ.’
ಹೀಗಂದವನು ಆ ಜಾಗ ಬಂದಾಗ
ಗ್ಲಾಸು ಸದ್ದಾಗದಂತೆ ನೆಲಕ್ಕಿಡುತ್ತಿದ್ದ.

ನಮ್ಮ ರೆಕಾರ್ಡಿನ ಮೌನ ಬರಿದಾಗಿರಲಿಲ್ಲ.
ಯಾವಾಗಲೋ ಕೈಜಾರಿ ಬಿದ್ದು ಗೀರಾಗಿತ್ತು.
ಒಂದು ಸುತ್ತಿಗೊಮ್ಮೆ ಟಕ್.
ಮುಳ್ಳು ಜಿಗಿಯದಿರಲೆಂದು ಮೇಲೊಂದು ನಾಲ್ಕಾಣೆ ಹೇರಿದ್ದರು ಬಾಯಿ.
ಟಕ್. ಟಕ್.
ಒಟ್ಟು ಐದು ಸಲ. ನಮಗದು ಹುಟ್ಟಿನ ಸದ್ದು.
ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಒಂದು ಜನವರಿಯಲ್ಲಿ ಹೊರದೇಶದ ತಂಡ
ನರಿಮನ್ ಪಾಯಿಂಟಿಗೆ ಬಂತು, ಅದನ್ನೇ ನುಡಿಸಲು.
ಬಾಯಿ ನಾಲ್ಕು ಟಿಕೇಟು ತಂದರು.
ಮಾಸ್ತರರ ಕೋಟು ನನಗೆ ತೋಳಿನಲ್ಲಿ ಗಿಡ್ಡ.
ನಲವತ್ತಲ್ಲ, ಎಂಬತ್ತೆರಡು ಜನ! ಎಣಿಸಿದೆ.
ಇಟ್ಟಿಗೆ ಗೋಡೆಯಿಲ್ಲದ ಸದ್ದು ನೇರ ಎದೆಗೇ ಬಂದಾಗ
ಕೆಳಗೆ ಬೀಳುತ್ತಿದ್ದೇನೆ ಅನಿಸಿ
ಕತ್ತಲಲ್ಲಿ ಹಿತ್ತಾಳೆಯ ಹಿಡಿ ತಡಕಿದೆ.

ಆಮೇಲೆ ಆ ಜಾಗ.
ತೊಳೆದಿಟ್ಟ ಹಾಗೆ ಚೊಕ್ಕ.
ಹುಟ್ಟು ಇಲ್ಲ.
ನಡುನೀರಿನಲ್ಲಿ ದೋಣಿ ನಿಂತುಬಿಟ್ಟಿತು,
ಆಚೆ ದಡದಲ್ಲಿ ಅವಳು ಕಾಯುತ್ತಿದ್ದಾಳೆ.

ನನ್ನ ಉಗುರು ಕುರ್ಚಿಯ ತೋಳಿಗೆ ತಾಗಿತು: ಟಕ್.
ಮಗ್ಗುಲಲ್ಲಿ ಬಾಯಿಯ ಉಂಗುರ.
ಅದರಾಚೆ ಮಾಸ್ತರರ ಊರುಗೋಲು.
ಮತ್ತೆ ಕಜೆತಾನನ ಸೊಟ್ಟ ಬೆರಳು,
ನಂಬದವನದೇ ಎಲ್ಲರಿಗಿಂತ ಜೋರು.
ಮುಂದಿನ ಸಾಲಿನ ಮುತ್ತಿನ ಸರವೊಂದು ತಿರುಗಿ ಉರಿಗಣ್ಣು ಬಿಟ್ಟಿತು.

ಐದನೆಯದು ಯಾರದೆಂದು ಇವತ್ತಿಗೂ ಜಗಳ.

ರಾತ್ರಿ ಹನ್ನೊಂದಕ್ಕೆ ಜಾಲರಿ ಎಳೆದು ಮೂವರನ್ನೂ ಹತ್ತಿಸಿಕೊಂಡೆ.
ಮೂರು ನಾಲ್ಕರ ಸಂದಿಯಲ್ಲಿ ಲಿಫ್ಟು ನಿಂತಿತು.
ಯಾಕೆಂದು ಯಾರೂ ಕೇಳಲಿಲ್ಲ.

ಇಳಿಯುವಾಗ ಕಜೆತಾನ, ಎಂದೂ ಕೊಡದವನು,
ಜೇಬೆಲ್ಲ ತಡಕಿ ಒಂದು ನಾಣ್ಯ ಚಾಚಿದ.
ಅವನ ಮುಷ್ಟಿ ಮುಚ್ಚಿಸಿದೆ.
ಇರಲಿ ಬಿಡೋ ಮಾರಾಯ,
ಬಾಕಿ ಇರಲಿ.