ಹದಿನೇಳನೇ ಮೊಳೆ

"ಆಯ್ತು, ನಾವೇ ತಿಳಿಸ್ತೀವಿ" ಅಂದರು.
ಏಳುವಾಗ ಕುರ್ಚಿ ಕಿರ್ರೆಂದು
ನನಗಿಂತ ಹೆಚ್ಚು ಮಾತಾಡಿತು.

ಪೀಣ್ಯ ಎರಡನೇ ಹಂತ. ಹೊರಗೆ ಬಿಸಿಲು,
ಕಬ್ಬಿಣ ಕೊರೆಯುವ ವಾಸನೆ.
ಲೇತಿನ ಸುರುಳಿ ಚೂರೊಂದು ಚಪ್ಪಲಿಗೆ ಹತ್ತಿ
ಒಂಟಿಕಾಲಲ್ಲಿ ನಿಂತು ಕೀಳುವಾಗ
ಬಂತು ನೋಡಿ ಉತ್ತರ,
ಒಳಗೆ ಬಾರದೇ ಹೋದದ್ದು.

"ನಡುವೆ ಆರು ವರ್ಷ ಖಾಲಿ ಇದೆಯಲ್ಲ, ಜಯಶೀಲಾ ಅವರೇ?"
ಬಯೋಡೇಟಾದ ಮೇಲೆ ಬೆರಳಿಟ್ಟು ಕೇಳಿದ್ದರು,
ಅಡ್ವಾನ್ಸು ಮುರಿದುಕೊಳ್ಳುವ ಮನೆ ಓನರು
ಗೋಡೆಯ ಬಿರುಕು ತೋರಿಸುವ ಹಾಗೆ.
"ಮನೆ ಕಡೆ ಸ್ವಲ್ಪ..." ಎಂದು
ನಾನು ನೀರಿನ ಲೋಟ ನೋಡಿದ್ದೆ.

ಈಗ ಹೇಳಬಲ್ಲೆ, ಕೇಳುವವರಿದ್ದರೆ:
ಅತ್ತೆಯ ಡಯಾಲಿಸಿಸ್ಸು, ವಾರಕ್ಕೆ ಮೂರು ದಿನ.
ಹದಿನಾಲ್ಕು ಬಗೆ ಮಾತ್ರೆ. ಯಾವುದು ಯಾವತ್ತು ಮುಗಿಯುತ್ತೆ,
ಯಾವುದರ ತಾರೀಖು ಮೀರುತ್ತೆ,
ಯಾವ ಅಂಗಡಿಯಲ್ಲಿ ಎರಡು ರೂಪಾಯಿ ಕಮ್ಮಿ,
ಎಲ್ಲ ಹಾಲಿನ ಲೆಕ್ಕದ ಪುಸ್ತಕದಲ್ಲಿ.
ಮೊದಲು ಬಂದದ್ದು ಮೊದಲು ಹೋಗಬೇಕು:
ಸ್ಟೋರ್ಸಿನ ಮೊದಲ ಪಾಠ ಅದೇ ತಾನೇ ಸಾರ್?
ಆರು ವರ್ಷದಲ್ಲಿ ಒಂದು ಗುಳಿಗೆ ಹಾಳಾಗಲಿಲ್ಲ.
ಅವರು ಹೋದ ದಿನ ಮಾತ್ರ
ಡಬ್ಬಿ ತುಂಬ ಉಳಿದಿತ್ತು.

ಬಸ್ಸಿನಲ್ಲಿ ಇಂಟರ್‌ವ್ಯೂ ಮತ್ತೊಮ್ಮೆ ನಡೆಸಿದೆ.
ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ
ಸಂಬಳ ಎರಡು ಸಾವಿರ ಹೆಚ್ಚು ಕೇಳಿದೆ.
ಒಪ್ಪಿದರು.
"ಲಗ್ಗೆರೆ, ಇಳೀರಿ" ಎಂದ ಕಂಡಕ್ಟರು.

ಮಹಡಿ ಮೇಲಿನ ನಾಜಿಯಾ ಹೇಳಿದಳು:
"ಇವತ್ತೇ ಒಂದು ಥ್ಯಾಂಕ್ಸ್ ಮೇಲ್ ಹಾಕಿ ಆಂಟಿ,
ನಾಳೆಗೆ ಅದು ಹಳಸತ್ತೆ."
ಯಾತಕ್ಕೆ ಥ್ಯಾಂಕ್ಸು?
ಕೂರಿಸಿದ್ದಕ್ಕೊ, ಎಬ್ಬಿಸಿದ್ದಕ್ಕೊ?
ಬರೆಯಲು ಕೂತರೆ ಅತ್ತೆಯೇ ಬಂದುಬಿಟ್ಟರು,
ಮೊಬೈಲಿನಲ್ಲಿ ಬೆರಳು ಸೋಲುವಷ್ಟು.
ನಾಜಿಯಾ ಪೂರ್ತಿ ಓದಿದಳು, ಕನ್ನಡಕ ಒರೆಸಿಕೊಂಡಳು,
ಎಲ್ಲ ಅಳಿಸಿ ನಾಲ್ಕು ಸಾಲು ಉಳಿಸಿದಳು.
ಮಾತ್ರೆ ಲೆಕ್ಕದ ಸಾಲೊಂದು ಇರಲಿ ಎಂದೆ.
ಇದೆ.

ಆಮೇಲೆ ಫೋನು. ಬಚ್ಚಲಿಗೂ ಒಯ್ದೆ,
ಸೋಪಿನ ಪಕ್ಕ ಇಟ್ಟೆ.
ಸಾಲ ಬೇಕೇ ಎಂದು ಕೇಳಿದ ಹುಡುಗಿಗೆ
ಎಂಥ ಮರ್ಯಾದೆಯ ಹಲೋ ಸಿಕ್ಕಿತು ಆ ದಿನ!
ಇವರು "ಏನಂತೆ?" ಅನ್ನುವುದನ್ನು
ಮೂರನೇ ದಿನ ನಿಲ್ಲಿಸಿದರು.
ಊಟಕ್ಕೆ ಕೂತಾಗ ಅದೇ ಜೋರಾಗಿ ಕೇಳಿಸಿತು.

ರಾಜಾಜಿನಗರದ ಔಷಧಿ ಗೋದಾಮಿಗೆ
ಇನ್ನೊಂದು ಅರ್ಜಿ ಹಾಕಿದೆ, ಶನಿವಾರ.
ಒಬ್ಬರ ಉತ್ತರ ಕಾಯುತ್ತ ಇನ್ನೊಬ್ಬರನ್ನು ಕೇಳುವುದು
ಕಳ್ಳತನ ಅನಿಸಿತು. ಹಾಕಿದೆ.
ಜೆರಾಕ್ಸಿಗೆ ಚಿಲ್ಲರೆ ಹುಡುಕಿದರೆ
ಬ್ಯಾಗಿನ ತಳದಲ್ಲಿ ತಗಡಿನ ಬಿಲ್ಲೆ:
"ಸಂದರ್ಶಕರು. ೧೭.
ಹೊರಹೋಗುವಾಗ ಹಿಂದಿರುಗಿಸಿ."

ಸೋಮವಾರ ಮತ್ತೆ ಪೀಣ್ಯ.
ಅದಕ್ಕೇ ಹೋದೆ, ಬಿಲ್ಲೆ ಕೊಡಲಿಕ್ಕೆ.
ಬೇರೆ ಏನೂ ಇರಲಿಲ್ಲ ಎಂದರೆ ನಂಬಬೇಡಿ.
ಗೇಟಿನ ಪುಟ್ಟಮಾದಯ್ಯ ಕೈ ಮುಗಿದ:
"ಎಲ್ಲೋಗಿದ್ದೆ ತಾಯಿ, ಒಂದು ತಗಡಿಗೆ
ನಾಕು ದಿವಸದಿಂದ ಬೈಸ್ಕತಾ ಇವ್ನಿ."
ಹಲಗೆಯಲ್ಲಿ ಹದಿನಾರು ತೂಗುತ್ತಿತ್ತು,
ಹದಿನೆಂಟು ತೂಗುತ್ತಿತ್ತು,
ನಡುವೆ ಬರೀ ಮೊಳೆ.
ನಾನೇ ನೇತುಹಾಕಿದೆ.
ಒಂದು ಕ್ಷಣ ಅಲ್ಲಾಡಿ ನಿಂತಿತು.

ಅಷ್ಟರಲ್ಲಿ ಫೈಲು ಎದೆಗವುಚಿಕೊಂಡು ಒಬ್ಬಳು,
ನನ್ನದೇ ವಯಸ್ಸು, ರಿಜಿಸ್ಟರಿಗೆ ಪೆನ್ನು ಕೇಳಿದಳು.
ಕೊಟ್ಟೆ. ಪುಟ್ಟಮಾದಯ್ಯ ನೋಡದೆಯೇ ಕೈಚಾಚಿ
ಸಿಕ್ಕಿದ್ದನ್ನು ತೆಗೆದು ಅವಳಿಗಿತ್ತ: ಹದಿನೇಳು.

"ಹೋಗುವಾಗ ವಾಪಸ್ ಕೊಡೋದು ಮರೀಬೇಡಿ," ಅಂದೆ.
"ಅಯ್ಯೋ ಸಾರಿ," ಎಂದು ಅವಳು
ನನ್ನ ಪೆನ್ನು ಚಾಚಿದಳು.