ಗುಂಡಿ

ಪೋರ್ಚುಗಲ್ಲಿನ ಬಡಗು ಮೂಲೆ, ವಿಯಾನಾ.
ನದಿ ಕಡಲು ಸೇರುವಲ್ಲಿ ಹಡಗು ಕಟ್ಟುತ್ತಾರೆ;
ಅದರ ಹಿಂಬದಿಗೆ ನನ್ನದೊಂದು ಪೆಟ್ಟಿಗೆಕೋಣೆ.
ಗೋಡೆಗೆ ಸ್ಪಂಜು, ಬಾಗಿಲಿಗೆ ರಬ್ಬರಿನ ತುಟಿ.
ಇಪ್ಪತ್ತೆರಡು ವರ್ಷ ಇಲ್ಲಿ ಕಿವಿ ಅಳೆದಿದ್ದೇನೆ,
ದರ್ಜಿ ತೋಳು ಅಳೆದ ಹಾಗೆ.

ಸದ್ದು ಕೇಳಿದರೆ ಗುಂಡಿ ಒತ್ತಿ.
ಕೇಳದಿದ್ದರೆ ಸುಮ್ಮನಿರಿ.
ಆಮೇಲೆ ಚುಕ್ಕಿಗೆ ಚುಕ್ಕಿ ಸೇರಿಸಿ ಗೆರೆ ಎಳೆಯುತ್ತೇನೆ.
ಕಬ್ಬಿಣ ತಿಂದ ಕಿವಿಯ ಗೆರೆ
ನಾಲ್ಕು ಸಾವಿರದ ಹತ್ತಿರ ದಿಢೀರನೆ ಕುಸಿಯುತ್ತದೆ.
ಅದೂ ಒಂದು ಗುಂಡಿಯೇ.

ಫಿರ್ಮಿನೊನ ಗುಂಡಿಗೆ ತಳವಿಲ್ಲ.
ಮೊದಲು ಹೋದದ್ದು ಶಕಾರ. ನಮ್ಮ ಮಾತಿನಲ್ಲಿ
ಒಂದು ಹಲವಾಗುವುದು ಕೊನೆಯ ಆ 'ಶ್' ಒಂದರಿಂದಲೇ.
ಹಾಗಾಗಿ ಅವನಿಗೆ ದೋಣಿಗಳೆಲ್ಲ ಒಂದೇ ದೋಣಿ.
ಹೆಂಡತಿ ಮೊಟ್ಟೆಗಳನ್ನು ತಾ ಎಂದರೆ
ಒಂದೇ ಮೊಟ್ಟೆ ಜೇಬಿನಲ್ಲಿಟ್ಟು ತರುತ್ತಾನೆ.
ಬೀದಿ ನಗುತ್ತದೆ. ಅವನೂ ನಗುತ್ತಾನೆ,
ಯಾಕೆಂದು ತಿಳಿಯದೆ, ಒಂದು ಗಳಿಗೆ ತಡವಾಗಿ.

ಅಡೆಲಿನೊ ಅವನ ಅಣ್ಣ, ಹನ್ನೊಂದೇ ತಿಂಗಳು ಹಿರಿಯ.
ಇಬ್ಬರದೂ ಅದೇ ಹಡಗುಗಳ ಹೊಟ್ಟೆ,
ಅದೇ ಗಾಳಿಸುತ್ತಿಗೆ, ಮೂವತ್ತೊಂದು ವರ್ಷ.
ಕಿವಿಗಿಟ್ಟ ಹತ್ತಿಯೂ ಒಂದೇ ಸುರುಳಿಯಿಂದ ಹರಿದದ್ದು.
ಇವನಿಗೆ ಮಾತ್ರ
ಪಕ್ಕದ ಮನೆಯಲ್ಲಿ ಹಾಲು ಉಕ್ಕುವುದು ಕೇಳುತ್ತದೆ.

ಯಾಕೆ? ನನ್ನನ್ನು ಕೇಳಬೇಡಿ.
ಕಿವಿಯೊಳಗೊಂದು ಗದ್ದೆ, ಕಣ್ಣಿಗೆ ಕಾಣದ ಪೈರು.
ಅದೇ ಬಿರುಗಾಳಿಗೆ ಒಂದು ಮಲಗಿಬಿಡುತ್ತದೆ,
ಒಂದು ಮೈ ಕೊಡವಿ ನಿಲ್ಲುತ್ತದೆ.
ರಕ್ತವೋ, ಎಳವೆಯ ಯಾವುದೋ ಜ್ವರವೋ, ತಾಯಿ ಕಡೆಯದೋ,
ಪುಸ್ತಕ ಏನೇನೋ ಹೇಳುತ್ತದೆ. ಕೆಲಸಕ್ಕೆ ಸೇರುವ ದಿನ
ಯಾರ ಹಣೆ ನೋಡಿಯೂ ಹೇಳಲಾಗದು.
ಕೈಯ ಐದು ಬೆರಳೇ ಸಮವಿಲ್ಲ.

ವಿಮೆಯ ವಕೀಲ ಬಂದ, ಸದ್ದೇ ಮಾಡದ ಬೂಟು.
"ಸದ್ದು ಕಾರಣವಾದರೆ ಅಣ್ಣನ ಕಿವಿ ಹೇಗೆ ಉಳಿಯಿತು?
ಸುತ್ತಿಗೆ ಅದೇ, ವರ್ಷ ಅದೇ.
ತಮ್ಮನದು ಹುಟ್ಟುದೋಷ."
ಅಣ್ಣನನ್ನು ಮತ್ತೆ ಅಳೆಯಿರಿ ಎಂದು ಕಾಗದ ಕೊಟ್ಟು ಹೋದ.
ಒಬ್ಬನ ಆರೋಗ್ಯ ಇನ್ನೊಬ್ಬನ ಮೇಲೆ ಸಾಕ್ಷಿ ನುಡಿಯುವುದನ್ನು
ಅವತ್ತೇ ನೋಡಿದ್ದು ನಾನು.

ಗುರುವಾರ ಅಡೆಲಿನೊ ಬಂದು ಕೂತ,
ಭಾನುವಾರದ ಅಂಗಿ ತೊಟ್ಟು.
ನಾಲ್ಕು ಸಾವಿರ, ಬಲ ಕಿವಿ, ತೀರ ಸಣ್ಣಗೆ.
ಗಾಜಿನಾಚೆ ಹೆಬ್ಬೆರಳು ಇಳಿಯಿತು,
ಗುಂಡಿಗೆ ಕೂದಲೆಳೆ ಮೇಲೆ ನಿಂತಿತು.
ಏರಿಸಿದೆ. ಬೆರಳು ನಡುಗಿತು. ಒತ್ತಲಿಲ್ಲ.
ಇನ್ನೂ ಏರಿಸಿದೆ, ಗೇಟು ಕಾಯುವವನಿಗೂ ಕೇಳುವಷ್ಟು.
ರೆಪ್ಪೆ ಬಡಿಯಿತು. ಬೆರಳು, ಇಲ್ಲ.
ಹೆಡ್‌ಫೋನಿನ ಪಟ್ಟಿಯಡಿಯಿಂದ ಬೆವರ ಹನಿಯೊಂದು
ಕೆನ್ನೆಯ ಸುಕ್ಕಿನಲ್ಲಿ ದಾರಿ ಹುಡುಕಿತು.

ಕಳ್ಳಕಿವುಡು ಹಿಡಿಯುವ ಉಪಾಯ ನನಗೆ ಗೊತ್ತು.
ಕೊನೆಗೆ ಪಿಸುದನಿಯಲ್ಲಿ "ಆಯ್ತು, ಏಳಿ" ಅಂದರೆ ಸಾಕು,
ಎದ್ದುಬಿಡುತ್ತಾರೆ ಪಾಪ.
ನಾನು ಅನ್ನಲಿಲ್ಲ. ಬಾಗಿಲು ತೆರೆದು ಕೈಸನ್ನೆ ಮಾಡಿದೆ.

ಹೊರಗೆ ಬೆಂಚಿನ ಮೇಲೆ ಫಿರ್ಮಿನೊ, ಮೊಣಕಾಲ ಮೇಲೆ ಟೊಪ್ಪಿಗೆ.
"ಸಹೋದರರು ಇಲ್ಲಿ ಸಹಿ ಹಾಕಿ" ಎಂದೆ.
ಕೊನೆಯ ಶ್ ಅವನನ್ನು ಮುಟ್ಟಲಿಲ್ಲ;
ಸಹೋದರ ಎಂದಷ್ಟೇ ಕೇಳಿ, ಅಣ್ಣನ ಕಡೆ ನೋಡಿ, ಕೂತೇ ಇದ್ದ.
ಅಡೆಲಿನೊ ಮೊಣಕೈ ಹಿಡಿದು ಎಬ್ಬಿಸಿದ.

ಕಾಗದದಲ್ಲಿ ನಾಲ್ಕು ಸಾವಿರದ ಮನೆ ಇನ್ನೂ ಖಾಲಿ.
ಪೆನ್ಸಿಲ್ಲು ನನ್ನ ಕೈಯಲ್ಲೇ ಇದೆ.
ಐದರ ಸೈರನ್ನು ಕೂಗಿತು, ದಪ್ಪ ದನಿ.
ಫಿರ್ಮಿನೊ ತಲೆಯೆತ್ತಿದ.
ಅಡೆಲಿನೊ ಎತ್ತಲಿಲ್ಲ.
ಅಭ್ಯಾಸ ಮಾಡುತ್ತಿದ್ದ.