ಹಾಲಿಲ್ಲದ ಚಹಾ

ಮತ್ರಾ ಸೂಕಿನ ಎರಡನೇ ತಿರುವಿನಲ್ಲಿ
ನನ್ನದು ನಾಲ್ಕಡಿ ಅಂಗಡಿ, ಒಂದು ಒಲೆ, ಎರಡು ಪಾತ್ರೆ.
ಹಾಲು, ಸಕ್ಕರೆ, ಏಲಕ್ಕಿ; ಕುದಿಸಿದಷ್ಟೂ ಕಡಕ್.
ಹತ್ತೊಂಬತ್ತು ವರ್ಷಗಳಲ್ಲಿ ಬರೀ ಬಿಸಿನೀರು ಕೇಳಿದವಳು
ವಾರಿಜಕ್ಕ ಒಬ್ಬಳೇ.

"ಮೋನಾಕ, ನೀರು ಕೊಡು. ಬೇರು ನನ್ನಲ್ಲಿದೆ."

ಗುಂಡಿ ಹಾಕುವ ಡಬ್ಬಿಯಿಂದ ತೆಗೆಯುತ್ತಾಳೆ
ಕೆಂಪು ಕಡ್ಡಿಗಳನ್ನು: ಮಂಜಿಷ್ಠ.
ಹಾಜಿ ಬಾಕಿರ್ ತೂಗಿ ಕೊಟ್ಟದ್ದು, ನಾನೂರು ಬೈಸಾ.
ಅವರ ಬಾಯಲ್ಲಿ ಅದು ಫುವ್ವ.
ಬಾಣಂತಿಗೆ ಕೊಡುತ್ತಿದ್ದರಂತೆ ಅವರ ಅಜ್ಜಿಯ ಕಾಲದಲ್ಲಿ,
ಉಳಿದದ್ದರಲ್ಲಿ ಬಟ್ಟೆಗೆ ಬಣ್ಣ.
ಜೊತೆಗೆ ಒಣಶುಂಠಿ, ಒಂದು ಚಿಟಿಕೆ ಕೊಮ್ಮೆ ಬೇರಿನ ಪುಡಿ,
ಕಟಪಾಡಿಯಿಂದ ಯಾರದೋ ಸೂಟ್‌ಕೇಸಿನಲ್ಲಿ
ಬನಿಯನ್ನುಗಳ ನಡುವೆ ಕೂತು ಬಂದದ್ದು.

ಒಲೆಯ ಮೂಲೆಯಲ್ಲಿ ಮುಚ್ಚಳ ಮುಚ್ಚಿ ಹತ್ತು ನಿಮಿಷ.
ಇದೂ ಒಂದು ಚಹಾವೇ, ಎಂದು ನಾನು.
ಬಿಸಿಯಿದೆ, ಗ್ಲಾಸಿನಲ್ಲಿದೆ, ಇನ್ನೇನು ಬೇಕು, ಎಂದು ಅವಳು.

ತಿಂಗಳು ಕಳೆದ ಮೇಲೆ ಕಂಡೆ:
ಊರಿಗೆಲ್ಲ ಅಳತೆ ತಪ್ಪದೆ ಹೊಲಿಯುವವಳ
ಸ್ವಂತ ಚೂಡಿದಾರಕ್ಕೆ
ಎಡತೋಳು ಒಂದಳತೆ, ಬಲತೋಳು ಇನ್ನೊಂದು.

ಕೇಳಲಿಲ್ಲ. ಗಂಡಸು ಕೇಳುವ ಮಾತಲ್ಲ.
ಅವಳೇ ಹೇಳಿದಳು, ಒಂದು ಜೂನ್ ಮಧ್ಯಾಹ್ನ,
ನೆರಳು ಕೂಡ ಅಂಗಡಿಯೊಳಗೆ ನುಗ್ಗಿ ಕೂತಿದ್ದಾಗ.
ಎದೆಯಲ್ಲಿ ಗೋಲಿಯಷ್ಟು ಗಡ್ಡೆ ಇತ್ತು, ತೆಗೆದರು.
ಕಂಕುಳಿನಿಂದ ಹದಿನಾಲ್ಕು ಗಂಟು, ಅವನ್ನೂ ತೆಗೆದರು.
"ಗಂಟು ಬಿಡಿಸಿದರೆ ನೂಲು ಸಲೀಸು ಓಡುತ್ತದೆ ಅಂದುಕೊಂಡಿದ್ದೆ ಮೋನಾಕ.
ಒಳಗೆ ಹಾಗಲ್ಲ. ಅಲ್ಲಿ ಗಂಟೇ ದಾರಿ."

ರಕ್ತವಲ್ಲದ ಇನ್ನೊಂದು ನೀರು ಹರಿಯುತ್ತದಂತೆ ಮೈಯಲ್ಲಿ,
ಬಣ್ಣವಿಲ್ಲದ್ದು, ಅವಸರವಿಲ್ಲದ್ದು.
ಅದನ್ನು ನೂಕಲು ಹೃದಯದಂಥ ಪಂಪಿಲ್ಲ;
ಕೈ ಆಡಿಸಿದರೆ ಸರಿಯುತ್ತದೆ, ಕೂತರೆ ಅದೂ ಕೂರುತ್ತದೆ.
ಆಸ್ಪತ್ರೆಯ ನರ್ಸು ಬ್ರಿಜಿತಾ, ಶಿರ್ವದವಳು,
ಅದರ ಹೆಸರನ್ನು ಕನ್ನಡದಲ್ಲಿ ಬರೆದು ಕೊಟ್ಟಿದ್ದಳು
ಅಪಾಯಿಂಟ್‌ಮೆಂಟ್ ಚೀಟಿಯ ಬೆನ್ನಿಗೆ:
ದುಗ್ಧರಸ.

ದುಗ್ಧ ಅಂದರೆ ಹಾಲಲ್ಲವೇ?
ಆ ದಿನ ಪಾತ್ರೆಯ ಮುಂದೆ ನನಗೆ ಕೈ ಓಡಲಿಲ್ಲ.
ಹಾಲಿನ ಗುಣ ನನಗೆ ಗೊತ್ತು.
ಕಣ್ಣು ತಪ್ಪಿದರೆ ಉಕ್ಕುತ್ತದೆ,
ನಿಂತರೆ ಕೆನೆ ಕಟ್ಟುತ್ತದೆ, ಮರೆತರೆ ಕೆಡುತ್ತದೆ.
ಇವಳ ತೋಳಿನಲ್ಲಿ ಯಾರೋ ಹಾಲಿಟ್ಟು ಮರೆತಿದ್ದಾರೆ.

ಬ್ರಿಜಿತಾ ಹೇಳಿದ್ದು ಇಷ್ಟು:
ಕುಡಿ, ಆದರೆ ಡಾಕ್ಟರಿಂದ ಮುಚ್ಚಿಡಬೇಡ.
ಬೇರು ಆ ಗಂಟುಗಳನ್ನು ತಿರುಗಿ ಬೆಳೆಸುವುದಿಲ್ಲ.
ಪಟ್ಟಿ ಸುತ್ತು, ಕೈ ಎತ್ತರಕ್ಕಿಟ್ಟು ಮಲಗು,
ಆ ಕೈಗೆ ಸೂಜಿ ಚುಚ್ಚಿಸಿಕೊಳ್ಳಬೇಡ.
ಸೂಜಿ ಚುಚ್ಚಿಸಿಕೊಳ್ಳಬೇಡ! ದರ್ಜಿಗೆ!
ನಕ್ಕೂ ನಕ್ಕೂ ವಾರಿಜಕ್ಕನಿಗೆ ಕೆಮ್ಮು ಬಂತು.
ಅಂದಿನಿಂದ ಐದು ಬೆರಳಿಗೂ ತಗಡಿನ ಟೋಪಿ.

ಶುಕ್ರವಾರ ಬೆಳಿಗ್ಗೆ ಟೇಪು ಹಿಡಿದು
ಮೊಣಕೈಯಿಂದ ನಾಲ್ಕು ಬೆರಳು ಮೇಲೆ ಅಳೆಯುತ್ತಾಳೆ,
ನಮ್ಮಿಬ್ಬರ ಅಂಗಡಿಯ ನಡುಗೋಡೆಗೆ
ಸೀಮೆಸುಣ್ಣದಲ್ಲಿ ಬರೆಯುತ್ತಾಳೆ:
ಹದಿಮೂರೂವರೆ. ಹದಿಮೂರೂಕಾಲು. ಹದಿಮೂರೂವರೆ.
ಕಾಲು ಇಂಚು ಇಳಿದ ವಾರ ಬೇರಿಗೆ ಜೈ,
ಏರಿದ ವಾರ ಬೈಗುಳ ಬಿಸಿಲಿಗೆ.
ಬೇರನ್ನು ಬೈದದ್ದು ನಾನು ಕೇಳಿಲ್ಲ.

ಒಮ್ಮೆ ಕುಡಿದು ನೋಡಿದೆ.
ಮೊದಲು ಕಹಿ, ಆಮೇಲೆ ಒಗರು,
ಬಹಳ ಹೊತ್ತಿನ ನಂತರ ನಾಲಿಗೆಯ ಬದಿಯಲ್ಲಿ ಒಂದಿಷ್ಟು ಸಿಹಿ.
ಅದು ನನ್ನ ಸಕ್ಕರೆ ಕೈಯದೇ ಇರಬಹುದು.

ಅವಳ ಗ್ಲಾಸನ್ನು ಬೇರೆಯೇ ಇಟ್ಟಿದ್ದೇನೆ.
ತಳ ಕೆಂಪಾಗಿದೆ; ಬೂದಿ, ನಿಂಬೆ, ಬ್ಲೀಚು,
ಯಾವುದಕ್ಕೂ ಜಗ್ಗುವುದಿಲ್ಲ.
ನಿನ್ನೆ ಬಂದರಿನಿಂದ ಬಂದ ಗಿರಾಕಿಯೊಬ್ಬ ಎತ್ತಿ ನೋಡಿ ಕೇಳಿದ,
ಇದೇನು, ತೊಳೆಯದ ಗ್ಲಾಸು?
ತೊಳೆದದ್ದೇ, ಎಂದೆ.
ಹಾಲು ಉಕ್ಕುವುದರಲ್ಲಿತ್ತು, ಅತ್ತ ತಿರುಗಿದೆ.